ದುಃಖಕ್ಕೆ ಹಸಿರು ಹಚ್ಚಿದವಳು

ಈ ವಾರ ಹಲಸಿನ ಹಪ್ಪಳದ ಬಗ್ಗೆ ಬರೆಯುತ್ತೇನೆಂದು ಹೋದ ಸಲ ಮಾತು ಕೊಟ್ಟಿದ್ದೆ. ಹಪ್ಪಳ ಇನ್ನೊಂದು ವಾರ ಡಬ್ಬದಲ್ಲಿರಲಿ, ಕೆಡುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡದೊಂದು ವ್ಯಾಜ್ಯ ಎದ್ದಿದೆ. ಅದನ್ನು ನಿಮ್ಮ ಮುಂದಿಡದೆ ನನಗೆ ಸಮಾಧಾನವಿಲ್ಲ.

ಮೊನ್ನೆ ಬುಧವಾರ ಸಂಜೆ ನನ್ನ ಮೊಮ್ಮಗಳು ಪುಟ್ಟಿ ಶಾಲೆಯಿಂದ ಬಂದವಳೇ ಬ್ಯಾಗನ್ನು ಜಗಲಿಯ ಮೇಲೆ ಬಿಸಾಕಿ ಸೀದಾ ಹಿತ್ತಲಿಗೆ ನಡೆದಳು. ಈರುಳ್ಳಿ ಬಜ್ಜಿ ಮಾಡಿದ್ದೇನೆ ಬಾರೇ ಅಂದರೂ ತಿರುಗಿ ನೋಡಲಿಲ್ಲ. ಮೂರನೇ ಕ್ಲಾಸಿನ ಹುಡುಗಿ ಬಜ್ಜಿ ಬೇಡ ಅಂದರೆ ಒಂದೋ ಜ್ವರ ಬಂದಿರಬೇಕು, ಇಲ್ಲವೇ ಶಾಲೆಯಲ್ಲಿ ಏನೋ ನಡೆದಿರಬೇಕು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹಾಗಾದರೆ ಶಾಲೆಯೇ.

ಬ್ಯಾಗಿನಲ್ಲಿ ಒಂದು ವರ್ಕ್‌ಶೀಟು ಸಿಕ್ಕಿತು. ಐದು ದುಂಡು ಮುಖಗಳು. ಒಂದು ನಗುತ್ತಿದೆ, ಒಂದು ಅಳುತ್ತಿದೆ, ಒಂದು ಹಲ್ಲು ಕಡಿಯುತ್ತಿದೆ, ಒಂದು ಹೆದರಿದೆ, ಇನ್ನೊಂದು ಹಾಗಲಕಾಯಿ ತಿಂದಂತೆ ಮೂತಿ ಸಿಂಡರಿಸಿದೆ. ಪ್ರತಿಯೊಂದಕ್ಕೂ ‘ಸರಿಯಾದ ಬಣ್ಣ’ ಹಚ್ಚಬೇಕು. ಪುಟ್ಟಿ ನಗುವ ಮುಖಕ್ಕೆ ಹಳದಿ ಹಚ್ಚಿದ್ದಳು, ಸರಿ ಗುರುತು ಬಿದ್ದಿತ್ತು. ಸಿಟ್ಟಿನ ಮುಖಕ್ಕೆ ಕೆಂಪು, ಅದಕ್ಕೂ ಸರಿ. ಅಳುವ ಮುಖಕ್ಕೆ ಹಸಿರು ಹಚ್ಚಿದ್ದಳು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು. ಪಕ್ಕದಲ್ಲಿ ‘ನೀಲಿ’ ಎಂದು ತಿದ್ದಿ ಬರೆದಿತ್ತು.

ನನ್ನ ಸೊಸೆಗೆ ಸಿಟ್ಟು ಬಂತು. “ಅತ್ತೆ, ಬಣ್ಣಕ್ಕೂ ತಪ್ಪು ಅಂತ ಇರುತ್ತಾ? ನಾಳೆ ಹೋಗಿ ಕೇಳಿಬರ್ತೀನಿ” ಅಂದಳು. “ಒಂದು ದಿನ ತಡಿ” ಅಂದೆ. ನಾನೂ ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವಳು. ರಾತ್ರಿ ಒಂಬತ್ತಕ್ಕೆ ನಲವತ್ತು ಪೇಪರ್ ತಿದ್ದಲು ಕೂತಾಗ ಉತ್ತರದ ಹಾಳೆಯಲ್ಲಿ ಏನಿದೆಯೋ ಅದೇ ವೇದ. ಆ ಟೀಚರಮ್ಮನಿಗೂ ಯಾರೋ ಅಚ್ಚು ಹಾಕಿದ ಉತ್ತರದ ಹಾಳೆ ಕೊಟ್ಟಿರುತ್ತಾರೆ. ದುಃಖ ನೀಲಿ, ಕೋಪ ಕೆಂಪು, ಸಂತೋಷ ಹಳದಿ, ಅಸಹ್ಯ ಹಸಿರು, ಭಯ ನೇರಳೆ. 2015ರಲ್ಲಿ ಬಂದ ‘ಇನ್‌ಸೈಡ್ ಔಟ್’ ಎಂಬ ಕಾರ್ಟೂನ್ ಸಿನಿಮಾ ನೋಡಿದ ಮಕ್ಕಳಿಗೆ ಈ ಪಟ್ಟಿ ಬಾಯಿಪಾಠ. ಪುಟ್ಟಿ ಆ ಸಿನಿಮಾ ನೋಡಿಲ್ಲ.

ಬಣ್ಣಕ್ಕೆ ತಪ್ಪು ಸರಿ ಇದೆಯೋ ಇಲ್ಲವೋ, ಅದನ್ನೇ ಈ ವಾರ ಸ್ವಲ್ಪ ಕೆದಕೋಣ.

ಮೊದಲು ನೀಲಿ. ಇಂಗ್ಲಿಷಿನವರು ಮನಸ್ಸಿಗೆ ಬೇಸರವಾದರೆ ‘ನಾನು ನೀಲಿಯಾಗಿದ್ದೇನೆ’ ಎಂಬರ್ಥದ ಮಾತಾಡುತ್ತಾರೆ. ಅದು ಅವರ ಭಾಷೆಯ ರೂಢಿ. ನಮ್ಮಲ್ಲಿ ಯಾರಾದರೂ ‘ಪಕ್ಕದ ಮನೆಯವರ ಮೈ ನೀಲಿಯಾಗಿದೆ’ ಅಂದರೆ ಜನ ಸಮಾಧಾನ ಹೇಳಲು ಹೋಗುವುದಿಲ್ಲ, ಹಾವು ಕಚ್ಚಿರಬೇಕೆಂದು ಆಸ್ಪತ್ರೆಗೆ ಹೊತ್ತುಕೊಂಡು ಓಡುತ್ತಾರೆ! ನಮಗೆ ನೀಲಿ ಅಂದರೆ ಹಾಲಾಹಲ ಕುಡಿದ ನೀಲಕಂಠ. ಅದೇ ನೀಲಿ ಬೆಣ್ಣೆ ಕದ್ದ ಕೃಷ್ಣನ ಮೈಬಣ್ಣವೂ ಹೌದು. ಕೃಷ್ಣಾಷ್ಟಮಿಯ ದಿನ ಮಗುವಿಗೆ ನೀಲಿ ಬಳಿದು, ನವಿಲುಗರಿ ಸಿಕ್ಕಿಸಿ ಫೋಟೊ ತೆಗೆಸುವ ಯಾವ ತಾಯಿಗೂ ಅದು ದುಃಖದ ಬಣ್ಣವೆಂದು ಹೊಳೆಯುವುದಿಲ್ಲ.

ಹೊಟ್ಟೆಕಿಚ್ಚಿಗೂ ಹೀಗೇ. ಇಂಗ್ಲಿಷಿನವರ ಅಸೂಯೆಗೆ ಹಸಿರು ಬಣ್ಣ. ನಮ್ಮದಕ್ಕೆ ಬಣ್ಣವೇ ಇಲ್ಲ, ಬೆಂಕಿ ಇದೆ. ಅದೂ ಹೊಟ್ಟೆಯೊಳಗೆ. ಪಕ್ಕದ ಕೇರಳದ ಕಥಕಳಿ ನೋಡಿದವರಿಗೆ ಗೊತ್ತು, ಅಲ್ಲಿ ಮುಖಕ್ಕೆ ಹಸಿರು ಹಚ್ಚಿಕೊಂಡು ಬರುವವರು ರಾಮ, ನಳ, ಧರ್ಮರಾಯರಂಥ ಸತ್ಪುರುಷರು. ಆ ವೇಷದ ಹೆಸರೇ ‘ಪಚ್ಚ’. ಅವರ ಮುಂದೆ ಆ ವರ್ಕ್‌ಶೀಟು ಹಿಡಿದರೆ ಎಷ್ಟು ಅಂಕ ಬರಬಹುದು ಹೇಳಿ!

ಹಾಗಾದರೆ ಎಲ್ಲ ಬಣ್ಣವೂ ಬರೀ ರೂಢಿಯೇ? ಅಲ್ಲ. ಕೆಲವನ್ನು ನಮ್ಮ ಮೈಯೇ ಹೇಳಿಕೊಡುತ್ತದೆ. ಸಿಟ್ಟು ಬಂದಾಗ ಮುಖದ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚು ಹರಿಯುತ್ತದೆ, ಮುಖ ಬಿಸಿಯಾಗಿ ಕೆಂಪೇರುತ್ತದೆ. ಹೆದರಿದಾಗ ಚರ್ಮದ ಕಡೆಯ ರಕ್ತ ಹಿಂದೆ ಸರಿಯುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಕೋಪಕ್ಕೆ ಕೆಂಪು ಅನ್ನುವುದನ್ನು ಬಹುಪಾಲು ದೇಶಗಳವರು ಒಪ್ಪುತ್ತಾರೆ. ನಮ್ಮಲ್ಲಿ ‘ಕಣ್ಣು ಕೆಂಪಗೆ ಮಾಡಿದ’, ‘ಕೆಂಡಾಮಂಡಲವಾದ’ ಅನ್ನುತ್ತೇವೆ. ಎಣ್ಣೆಗಪ್ಪಿನ ನಮ್ಮ ಮುಖಗಳಲ್ಲಿ ಕೆನ್ನೆಗಿಂತ ಕಣ್ಣಿನಲ್ಲೇ ಸಿಟ್ಟು ಬೇಗ ಕಾಣುತ್ತದೆಂದೋ ಏನೋ, ಕನ್ನಡದವರು ಕಣ್ಣನ್ನೇ ಹಿಡಿದಿದ್ದಾರೆ. ಇದು ನನ್ನ ಊಹೆ, ಪರೀಕ್ಷೆಯಲ್ಲಿ ಬರೆಯಬೇಡಿ.

ನಾಟ್ಯಶಾಸ್ತ್ರ ಬರೆದ ಭರತಮುನಿಯೂ ರೌದ್ರ ರಸಕ್ಕೆ ಕೆಂಪನ್ನೇ ಕೊಟ್ಟಿದ್ದಾನೆ. ಅವನ ಪಟ್ಟಿ ಬಲು ಸೊಗಸು. ಶೃಂಗಾರಕ್ಕೆ ಶ್ಯಾಮ, ವೀರಕ್ಕೆ ಗೌರವರ್ಣ, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ, ಬೀಭತ್ಸಕ್ಕೆ, ಅಂದರೆ ಅಸಹ್ಯಕ್ಕೆ, ನೀಲಿ. ಹಾಸ್ಯಕ್ಕೆ ಬಿಳಿ. ನಮ್ಮ ಹಳೆಯ ಕವಿಗಳಿಗೂ ನಗು ಬೆಳ್ಳಗೆ, ಕೀರ್ತಿ ಬೆಳ್ಳಗೆ. ಈಗಲೂ ನಾವು ‘ಬೆಳದಿಂಗಳಂಥ ನಗು’ ಅನ್ನುವುದಿಲ್ಲವೇ? ಇನ್ನು ದುಃಖದ ಕರುಣ ರಸಕ್ಕೆ ಅವನು ಕೊಟ್ಟಿದ್ದು ಕಪೋತವರ್ಣ. ಕಪೋತ ಅಂದರೆ ಪಾರಿವಾಳ. ಬಸ್‌ಸ್ಟ್ಯಾಂಡಿನ ಸೂರಿನಡಿ ಕುತ್ತಿಗೆ ಒಳಗೆಳೆದುಕೊಂಡು ಕೂತಿರುತ್ತದಲ್ಲ ಬೂದು ಪಾರಿವಾಳ, ಆ ಬಣ್ಣ. ಅದನ್ನು ಆರಿಸಿದವನು ಯಾವುದೋ ಮಳೆಯ ಸಂಜೆ ಒಬ್ಬನೇ ಕೂತು ಪಾರಿವಾಳ ನೋಡಿರಬೇಕು ಅಂತ ನನಗೆ ಅನ್ನಿಸುತ್ತದೆ.

ಈಗಿನ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 30 ದೇಶಗಳ 4,598 ಜನರನ್ನು ಅವರವರ ಭಾಷೆಯಲ್ಲೇ ಕೇಳಿದರು: ಯಾವ ಬಣ್ಣ ಅಂದರೆ ನಿಮಗೆ ಯಾವ ಭಾವ? ಉತ್ತರಗಳು ತುಂಬ ಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು. ಕೆಂಪು ಎಲ್ಲ ಕಡೆಯೂ ಎರಡು ದೋಣಿಯಲ್ಲಿ ಕಾಲಿಟ್ಟಿತ್ತು, ಪ್ರೀತಿಯಲ್ಲೊಂದು, ಕೋಪದಲ್ಲೊಂದು. ಆದರೆ ಚೀನಾದವರು ಬಿಳಿಯನ್ನು ಬೇರೆಯವರಿಗಿಂತ ಹೆಚ್ಚಾಗಿ ದುಃಖಕ್ಕೆ ಜೋಡಿಸಿದರು, ಗ್ರೀಸಿನವರು ನೇರಳೆಯನ್ನು. ಹತ್ತಿರ ಹತ್ತಿರದ ದೇಶದವರ, ಹತ್ತಿರದ ಭಾಷೆಯವರ ಉತ್ತರಗಳು ಹೆಚ್ಚು ಹೊಂದುತ್ತಿದ್ದವು.

ಅದಕ್ಕೆ ಹಿಂದಿನ ವರ್ಷ ಬಂದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಅದು 55 ದೇಶಗಳಲ್ಲಿ ಹಳದಿಯನ್ನು ಮಾತ್ರ ಹಿಡಿದು ಕೇಳಿದ್ದು. ಫಿನ್‌ಲೆಂಡಿನಲ್ಲಿ ನೂರಕ್ಕೆ ಸುಮಾರು 88 ಜನ ‘ಹಳದಿ ಅಂದರೆ ಸಂತೋಷ’ ಅಂದರು. ಈಜಿಪ್ಟಿನಲ್ಲಿ ಹಾಗಂದವರು ನೂರಕ್ಕೆ ಆರು ಜನ! ಯಾಕಿರಬಹುದು, ಯೋಚಿಸಿ. ಫಿನ್‌ಲೆಂಡಿನಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಕತ್ತಲು, ಹಿಮ. ಬಿಸಿಲು ಬಂದರೆ ನೆಂಟರು ಬಂದಂತೆ. ಈಜಿಪ್ಟಿನ ಮರುಭೂಮಿಯಲ್ಲಿ ಬಿಸಿಲು ಎಲ್ಲಿಗೂ ಹೋಗದ ನೆಂಟ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಅಜ್ಜಂದಿರನ್ನು ನಿಲ್ಲಿಸಿ ‘ಬಿಸಿಲಿನ ಬಣ್ಣ ನೋಡಿದರೆ ಖುಷಿಯಾಗುತ್ತಾ?’ ಎಂದು ಕೇಳಿದರೆ ಕೈಯಲ್ಲಿರುವ ಕೊಡೆಯಿಂದಲೇ ಉತ್ತರ ಬಂದೀತು. ಅವರ ಖುಷಿ ಜೂನ್ ಮೊದಲ ವಾರ ಪಡುವಣದಲ್ಲಿ ಏಳುವ ಕರಿಮೋಡದಲ್ಲಿದೆ. ಆ ಮೋಡ ಸುರಿದರೆ ಕೆಳಗಿನ ಎರೆಮಣ್ಣೂ ಕಪ್ಪಗೆ ಹೊಳೆಯುತ್ತದೆ. ಕಪ್ಪು ಶೋಕದ ಬಣ್ಣವೆಂದು ಬಿತ್ತನೆಗೆ ನಿಂತ ಆ ರೈತನಿಗೆ ಯಾರು ಹೇಳಬೇಕು?

ಶೋಕದ ಬಣ್ಣಗಳದ್ದೇ ಒಂದು ದೊಡ್ಡ ಕತೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಮದುವೆಗೆ ಬಿಳಿ ಉಡುಪು ತೊಟ್ಟಳು. ಅವಳನ್ನು ನೋಡಿಯೇ ಆ ಕಡೆ ಮದುಮಗಳಿಗೆ ಬಿಳಿ ಬಟ್ಟೆಯ ಫ್ಯಾಷನ್ ಹಬ್ಬಿತು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ. ಅಲ್ಲಿಂದ 1901ರಲ್ಲಿ ತಾನು ಸಾಯುವವರೆಗೆ, ಸುಮಾರು ನಲವತ್ತು ವರ್ಷ, ಅವಳು ಕಪ್ಪು ಬಿಡಲಿಲ್ಲ. ನಮ್ಮ ಕೊಡಗಿನಲ್ಲಿ ಲೆಕ್ಕವೇ ಬೇರೆ. ಗಂಡಸರು ಹಬ್ಬಕ್ಕೆ, ಸಮಾರಂಭಕ್ಕೆ ತೊಡುವ ಕುಪ್ಯ ಕಪ್ಪು. ಮದುಮಗನಿಗೆ ಮಾತ್ರ ಬಿಳಿ ಕುಪ್ಯ. ಕೊನೆಯ ಪಯಣಕ್ಕೂ ಬಿಳಿಯೇ.

ಇಷ್ಟು ದೂರ ಸುತ್ತಿ ಬಂದವಳು ಈಗ ನಮ್ಮ ಮನೆಯೊಳಗೆ ಬರುತ್ತೇನೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ನನ್ನ ಅಪ್ಪನ ಸೋದರತ್ತೆ ಒಬ್ಬರಿದ್ದರು. ದೊಡ್ಡಜ್ಜಿ ಅನ್ನುತ್ತಿದ್ದೆವು. ತಲೆಯ ಮೇಲೆ ಸೆರಗು, ವರ್ಷವಿಡೀ ಒಂದೇ ಥರದ ಕೆಂಪು ಸೀರೆ. ಅಂಚಿಲ್ಲ, ಹೂವಿಲ್ಲ, ಬರೀ ಮಣ್ಣುಗೆಂಪು. ಆ ಸೀರೆಯ ಸೆರಗಿನ ಗಂಟಿನಲ್ಲಿ ನಮಗಾಗಿ ಯಾವಾಗಲೂ ಒಂದು ಚೂರು ಬೆಲ್ಲ ಇರುತ್ತಿತ್ತು. ಗುಡುಗಿದರೆ ನಾನು ಓಡಿಹೋಗಿ ಮುಖ ಹುದುಗಿಸುತ್ತಿದ್ದದ್ದು ಆ ಕೆಂಪಿನಲ್ಲೇ. ನನಗೆ ಐದಾರು ವರ್ಷ ಇರುವಾಗ ‘ದೊಡ್ಡವಳಾದ ಮೇಲೆ ನನಗೂ ದೊಡ್ಡಜ್ಜಿಯದರಂಥ ಕೆಂಪು ಸೀರೆ ಬೇಕು’ ಅಂದೆನಂತೆ. ಅಮ್ಮ ನನ್ನ ಬಾಯಿಗೆ ಪಟ್ಟನೆ ಕೈ ಅಡ್ಡ ಹಿಡಿದಳು. ದೊಡ್ಡಜ್ಜಿ ನಕ್ಕುಬಿಟ್ಟರು. ಆಮೇಲೆ ಹಿತ್ತಲ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ.

ಯಾಕೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆಗೂದಲು ತೆಗೆಸಿ, ಬಳೆ ಒಡೆದು, ಆ ಕೆಂಪು ಸೀರೆ ಉಡಿಸುತ್ತಿದ್ದರು. ಉತ್ತರದ ಕಡೆ ಬಿಳಿ, ನಮ್ಮಲ್ಲಿ ಕೆಂಪು. ದೊಡ್ಡಜ್ಜಿಗೆ ಅದನ್ನು ಉಡಿಸಿದಾಗ ಅವರಿಗೆ ಹದಿನಾಲ್ಕು ವರ್ಷ. ದೊಡ್ಡ ಮಕ್ಕಳು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಓದಿ, ಅಂಥ ಬಾಳು ಹೇಗಿತ್ತೆಂದು ತಿಳಿಯುತ್ತದೆ. ಅದೇ ಕೆಂಪನ್ನು ಎಷ್ಟೋ ಕಡೆ ಮದುಮಗಳು ಉಡುತ್ತಾಳೆ. ದೊಡ್ಡಜ್ಜಿಯ ಪಾಲಿಗೆ ಆ ಬಣ್ಣ ಏನಾಗಿತ್ತೋ, ಅವರು ಯಾರಿಗೂ ಹೇಳಲಿಲ್ಲ, ನಾವು ಯಾರೂ ಕೇಳಲಿಲ್ಲ. ನನಗೆ ಮಾತ್ರ ಇಂದಿಗೂ ಮಣ್ಣುಗೆಂಪು ನೋಡಿದರೆ ಬಾಯಲ್ಲಿ ಬೆಲ್ಲದ ರುಚಿ.

ಬುಧವಾರ ರಾತ್ರಿ ಪುಟ್ಟಿ ಎಂದಿನಂತೆ ನನ್ನ ಪಕ್ಕ ಮಲಗಿದಳು. ದೀಪ ಆರಿಸಿದ ಮೇಲೆ ಕೇಳಿದೆ, “ಪುಟ್ಟಿ, ಅಳೋ ಮುಖಕ್ಕೆ ಹಸಿರು ಯಾಕೆ ಹಚ್ಚಿದೆ ಮಗಾ?”

“ಅದು ತಪ್ಪಂತೆ.”

“ತಪ್ಪೋ ಸರಿಯೋ ಆಮೇಲೆ. ಯಾಕೆ ಹಚ್ಚಿದೆ?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು. “ಅಜ್ಜ ಹೋದಾಗ ನೀನು ರಾತ್ರಿ ಹಸಿರು ಬಳೆ ತೆಗೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದ್ಯಲ್ಲ. ನಾನು ನೋಡಿದೆ. ನೀನು ಅಳ್ತಿರಲಿಲ್ಲ. ಬಳೆ ಸದ್ದು ಮಾತ್ರ ಆಗ್ತಿತ್ತು.”

ನನ್ನ ಗಂಡ ತೀರಿಕೊಂಡು ಇದೇ ತಿಂಗಳಿಗೆ ಒಂದು ವರ್ಷ ಎರಡು ತಿಂಗಳು. ನಮ್ಮ ಮನೆಯಲ್ಲಿ ಯಾರೂ ನನಗೆ ಬಳೆ ತೆಗಿ ಅನ್ನಲಿಲ್ಲ, ಹಾಕಿಕೋ ಅಂತಲೂ ಅನ್ನಲಿಲ್ಲ. ಹತ್ತನೆಯ ದಿನಕ್ಕೆ ನೆಂಟರೆಲ್ಲ ಸೇರುತ್ತಾರೆ, ಹಿರಿಯರು ಯಾರಾದರೂ ಬಾಯಿ ತೆರೆಯುವ ಮೊದಲೇ ಮುಗಿಸಿಬಿಡೋಣ ಅಂತ ಒಂಬತ್ತನೆಯ ದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ಕೂತು ಸೋಪು ಹಚ್ಚಿ ಒಂದೊಂದೇ ಬಳೆ ಜಾರಿಸಿದ್ದೆ. ಹನ್ನೆರಡು ಹಸಿರು ಗಾಜಿನ ಬಳೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಬಾಗಿಲ ಸಂದಿಯಲ್ಲಿ ಏಳು ವರ್ಷದ ಎರಡು ಕಣ್ಣುಗಳಿದ್ದವು.

ನಮ್ಮ ಊರಲ್ಲಿ ಹಸಿರಿಗಿಂತ ಒಳ್ಳೆಯ ಬಣ್ಣ ಉಂಟೇ? ಸೀಮಂತಕ್ಕೆ ಹಸಿರು ಬಳೆ, ಮದುವೆಗೆ ಹಸಿರು ಬಳೆ, ಬಾಗಿಲಿಗೆ ಹಸಿರು ತೋರಣ, ಗದ್ದೆ ಹಸಿರಾದರೆ ವರ್ಷದ ಊಟ ಗಟ್ಟಿ. ಹಾಗಿರುವಾಗ ಆ ಬಣ್ಣವನ್ನು ಈ ಮಗು ಅಳುವ ಮುಖಕ್ಕೆ ಹಚ್ಚಿತು. ಯೋಚಿಸಿದೆ. ಕನ್ನಡದಲ್ಲಿ ಮಾಸದ ನೆನಪಿಗೆ ನಾವು ‘ಇನ್ನೂ ಹಸಿರಾಗಿದೆ’ ಅನ್ನುತ್ತೇವೆ. ಮಾಯದ ಗಾಯಕ್ಕೆ ‘ಹಸಿ ಗಾಯ’ ಅನ್ನುತ್ತೇವೆ. ಹಸಿ, ಹಸಿರು ಒಂದೇ ಬಳ್ಳಿಯ ಕಾಯಿಗಳು. ಪುಟ್ಟಿಗೆ ಇದು ಯಾವುದೂ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ರಾತ್ರಿಯ ಸದ್ದು.

ಮಾರನೆಯ ದಿನ ನಾನೇ ಶಾಲೆಗೆ ಹೋದೆ, ಜಗಳಕ್ಕಲ್ಲ. ಟೀಚರಮ್ಮನಿಗೆ ಹಸಿರಿನ ಕಾರಣ ಹೇಳಿದೆ. ಚಿಕ್ಕ ವಯಸ್ಸಿನ ಹುಡುಗಿ. ಕೇಳಿ ಸುಮ್ಮನಾದಳು. ಆಮೇಲೆ, “ನಮ್ಮ ಅಪ್ಪನ ಆಸ್ಪತ್ರೆಯ ಗೋಡೆ ತಿಳಿಗುಲಾಬಿ ಬಣ್ಣ ಇತ್ತು ಮೇಡಂ. ನಂಗೆ ಇವತ್ತಿಗೂ ಆ ಬಣ್ಣದ ಬಟ್ಟೆ ಬೇಡ” ಅಂದಳು. ವರ್ಕ್‌ಶೀಟಿನ ಅಡ್ಡಗೀಟನ್ನು ಅವಳು ಅಳಿಸಲಿಲ್ಲ, ಶಾಯಿ ಅಳಿಸಿಹೋಗುವುದೂ ಇಲ್ಲ. ಪಕ್ಕದಲ್ಲಿ ‘ಕಾರಣ ಕೇಳಿದೆ, ಸರಿ ಇದೆ’ ಎಂದು ಬರೆದು ಸಹಿ ಹಾಕಿದಳು. ಸೊಸೆಗೆ ಅಷ್ಟಕ್ಕೇ ಸಮಾಧಾನವಿಲ್ಲ. ನನಗೆ ಆ ಹುಡುಗಿ ಹಿಡಿಸಿದಳು.

ಶನಿವಾರ ಮಧ್ಯಾಹ್ನ ಪುಟ್ಟಿ ಸ್ಟೂಲು ಹಾಕಿಕೊಂಡು ಅಟ್ಟದ ಕಡೆ ಕೈಚಾಚುತ್ತಿದ್ದಳು. ಬಿಸ್ಕತ್ತಿನ ಡಬ್ಬ ಬೇಕಂತೆ. ಇಳಿಸಿಕೊಟ್ಟೆ. ಬಳೆಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿ ಎಣಿಸಿದಳು. ಹನ್ನೊಂದೇ ಇದ್ದವು. ಒಂದು ಡಬ್ಬದೊಳಗೇ ಎರಡು ಹೋಳಾಗಿತ್ತು. ತನ್ನ ಕೈಗೆ ಹಾಕಿಕೊಂಡು ನೋಡಿದಳು, ಮೊಣಕೈವರೆಗೂ ಜಾರಿದವು.

“ಅಜ್ಜಿ, ನೀನು ಹಾಕ್ಕೊಂಡ್ರೆ ಯಾರಾದ್ರೂ ಬೈತಾರಾ?”

“ಬೈಯೋರು ಯಾರೂ ಉಳಿದಿಲ್ಲ ಮಗಾ. ಈಗ ಮನೆಗೆ ನಾನೇ ಹಿರಿಯಳು.”

“ಮತ್ತೆ?”

ಆ ‘ಮತ್ತೆ’ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದಿನ ನನ್ನನ್ನು ತಡೆದವರು ಯಾರು ಅಂತ ಹುಡುಕಿದರೆ ನಾನೇ ಸಿಗುತ್ತೇನೆ. ಕೈ ಮುಂದೆ ಮಾಡಿದೆ. ವಯಸ್ಸಾದ ಕೈಯ ಗೆಣ್ಣು ದಪ್ಪವಾಗಿದೆ, ಸೋಪು ತರಬೇಕಾಯಿತು. ಎರಡು ಬಳೆ ಏರುವಷ್ಟರಲ್ಲಿ ಸಾಕಾಯಿತು, ಅಲ್ಲಿಗೇ ನಿಲ್ಲಿಸಿದೆವು. ಸೊಸೆ ಕಾಫಿ ತಂದವಳು ನನ್ನ ಕೈ ನೋಡಿದಳು, ಏನೂ ಅನ್ನಲಿಲ್ಲ. ಕಾಫಿಗೆ ಮಾತ್ರ ಆ ದಿನ ಸಕ್ಕರೆ ಎರಡು ಸಲ ಬಿದ್ದಿತ್ತು.

ಈ ಪುಟ ಬರೆಯುವಾಗ ಬಳೆ ಮೇಜಿಗೆ ತಾಗಿ ಸದ್ದು ಮಾಡುತ್ತಿದೆ. ಪುಟ್ಟಿ ಒಳಗಿನಿಂದ ಆಗಾಗ ಇಣುಕಿ ನೋಡಿ ಹೋಗುತ್ತಿದ್ದಾಳೆ.

ಈ ವಾರದ ಕೆಲಸ ಇಷ್ಟೇ. ಮಕ್ಕಳೇ, ಮನೆಯ ಹಿರಿಯರೊಬ್ಬರ ಹತ್ತಿರ ಹೋಗಿ ಒಂದು ಬಣ್ಣದ ಹೆಸರು ಹೇಳಿ, ಅದನ್ನು ಕೇಳಿದರೆ ಅವರಿಗೆ ಮೊದಲು ಏನು ನೆನಪಾಗುತ್ತದೆಂದು ಕೇಳಿ. ಆಮೇಲೆ ಅವರು ನಿಮ್ಮನ್ನು ಕೇಳಲಿ. ನಮಗೆ ಬರೆದು ಕಳಿಸುವಾಗ ಬರೀ ಬಣ್ಣದ ಹೆಸರು ಸಾಲದು, ಜೊತೆಗೆ ‘ಯಾಕೆ’ ಅನ್ನುವುದೂ ಬೇಕು. ಅಜ್ಜ ಅಜ್ಜಿಯರು ತಾವೇ ಬರೆದರೂ ಆದೀತು. ಕೈ ನಡುಗುವವರು ಮೊಮ್ಮಕ್ಕಳಿಂದ ಬರೆಸಿ, ಆದರೆ ಅವರು ಬರೆದದ್ದನ್ನು ಒಮ್ಮೆ ಓದಿಸಿಕೊಳ್ಳಿ. ನಮ್ಮ ಪುಟ್ಟಿ ಹೋದ ವಾರ ನನ್ನ ‘ಹಲಸಿನ ಹಪ್ಪಳ’ವನ್ನು ‘ಅಲಸಿನ ಅಪ್ಪಳ’ ಮಾಡಿಟ್ಟಿದ್ದಳು.

ಹಪ್ಪಳ ಮುಂದಿನ ವಾರ, ಖಂಡಿತ.